ನೀರುಗಂಟಿಯ ಮನೆಗೆ ಬಂದ ಮಂತ್ರಿ ಪದವಿ

ಸಲ್ತ್ ಪಟ್ಟಣದ ನಮ್ಮ ಗುಡ್ಡಕ್ಕೆ ನೀರು ಬರುವುದು ಮಂಗಳವಾರ. ಹಾಗಾಗಿ ಬಟ್ಟೆ ಒಗೆಯುವುದು, ನೆಲ ತೊಳೆಯುವುದು, ಮಕ್ಕಳಿಗೆ ತಲೆಗೆ ನೀರು ಹಾಕುವುದು ಎಲ್ಲವೂ ಮಂಗಳವಾರವೇ. ಅಂದು ಬೆಳಗಿನ ನಮಾಜು ಮುಗಿಸಿ ಚಾಪೆ ಮಡಿಸುವ ಹೊತ್ತಿಗೆ ಮೆಟ್ಟಿಲ ಕಲ್ಲಿಗೆ ಕಬ್ಬಿಣ ತಾಗುವ ಸದ್ದು ಕೇಳಿಸುತ್ತದೆ. ಜುಹ್ದಿ ಹಜ್ಜಾರ್ ತಮ್ಮ ಎದೆಯೆತ್ತರದ ಕೀಲಿಯನ್ನು ಊರಿಕೊಂಡು ಹತ್ತಿ ಬರುತ್ತಿದ್ದಾರೆ ಎಂದರ್ಥ. ತಿರುವಿನಲ್ಲಿ ಮುಚ್ಚಳ ಎತ್ತಿ, ದೇವರ ಹೆಸರು ಹೇಳಿ, ವಾಲ್ವಿನ ತಲೆಗೆ ಕೀಲಿ ಕೂರಿಸಿ ತಿರುಗಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮಾಳಿಗೆಗಳ ಮೇಲಿನ ಟ್ಯಾಂಕುಗಳು ಒಂದೊಂದಾಗಿ ಗೊರಗೊರ ಎನ್ನತೊಡಗುತ್ತವೆ. ಮೂವತ್ತೊಂದು ವರ್ಷದಿಂದ ಊರಿನ ಆರು ಕೇರಿಗಳಿಗೆ ವಾರದ ಆರು ದಿನ ನೀರು ಬಿಡುತ್ತ ಬಂದಿರುವ ನೀರುಗಂಟಿ ಅವರು.

ಅವರ ಅಜ್ಜ ನಾಬ್ಲಸ್ ಕಡೆಯಿಂದ ಬಂದ ಕಲ್ಲುಕುಟಿಗ. ಇಲ್ಲಿಯ ಹಳದಿ ಕಲ್ಲಿನ ಎಷ್ಟೋ ಮನೆಗಳ ಕಮಾನು ಕೆತ್ತಿದ್ದು ಆತನೇ. ಆದರೆ ಕಮಾನು ಕೆತ್ತಿದ ಮಾತ್ರಕ್ಕೆ ಊರಿನವನಾಗುವುದಿಲ್ಲ. ಈ ಊರಿನಲ್ಲಿ ಮನುಷ್ಯನ ಹೆಸರಿನ ಹಿಂದೆ ಒಂದು ಬುಡಕಟ್ಟು ಇರಬೇಕು; ಮದುವೆಯಲ್ಲಿ, ಸಾವಿನಲ್ಲಿ, ಜಗಳದಲ್ಲಿ ನಮ್ಮವನು ಎಂದು ಬಂದು ಕೂರುವ ಇನ್ನೂರು ಗಂಡಸರಿರಬೇಕು. ಜುಹ್ದಿಯವರ ಹಿಂದೆ ಇದ್ದವರು ಒಬ್ಬ ತಮ್ಮ, ಇಬ್ಬರು ಭಾವಮೈದುನರು. ಗಂಡು ಮಕ್ಕಳಿಲ್ಲ. ಒಬ್ಬಳೇ ಮಗಳು ಲಮೀಸ್. ಅವಳ ಹೆಸರಿನಿಂದಲೇ ಊರು ಅವರನ್ನು ಅಬೂ ಲಮೀಸ್ ಎಂದು, ಹೆಂಡತಿ ನಜಾಹಳನ್ನು ಉಮ್ಮು ಲಮೀಸ್ ಎಂದು ಕರೆಯುತ್ತಿತ್ತು.

ಕಳೆದ ವರ್ಷ ಲಮೀಸಳಿಗೆ ಇರ್ಬಿದ್‌ನಿಂದ ಸಂಬಂಧ ಬಂತು. ಹುಡುಗ ಕುಸೈ ಔಷಧಿ ಅಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡುವವನು. ಒಳ್ಳೆಯ ಹುಡುಗ, ದೊಡ್ಡ ಮನೆತನ. ದೊಡ್ಡ ಮನೆತನವೆಂದರೆ ಹೆಣ್ಣು ಕೇಳುವ ದಿಬ್ಬಣವೂ ದೊಡ್ಡದೇ. ಗಂಡಿನ ಕಡೆಯವರು ಎಂಬತ್ತು ಜನ ಬರುತ್ತಾರೆ. ಹೆಣ್ಣಿನ ಕಡೆಯವರೂ ಅಷ್ಟೇ ಜನ ಎದುರಿಗೆ ಕೂತು ಬರಮಾಡಿಕೊಳ್ಳಬೇಕು. ಗಂಡಿನ ಕಡೆಯ ಹಿರಿಯರು ಕಾಫಿಯ ಬಟ್ಟಲನ್ನು ಕುಡಿಯದೆ ಮುಂದಿಟ್ಟು ಹೆಣ್ಣು ಕೇಳುತ್ತಾರೆ. ಹೆಣ್ಣಿನ ಕಡೆಯ ಒಬ್ಬ ಗಣ್ಯರು ಎದ್ದು ನಿಂತು, ಕೊಟ್ಟಿದ್ದೇವೆ, ಕಾಫಿ ಕುಡಿಯಿರಿ ಎನ್ನಬೇಕು. ಆ ಮಾತು ಆಡಲು ಜುಹ್ದಿಯವರು ನಾಯಿಫ್ ಪಾಷಾರನ್ನು ಒಪ್ಪಿಸಿದ್ದರು. ಪಾಷಾ ನಿವೃತ್ತ ಸೇನಾಧಿಕಾರಿ; ಅವರ ಕಂಚಿನ ಕಂಠ ಮೈಕಿಲ್ಲದೆ ಎದುರಿನ ಗುಡ್ಡಕ್ಕೆ ಕೇಳುತ್ತದೆ. ಕಾಫಿಗೆ ಎರಡು ತಿಂಗಳು ಮೊದಲೇ ಊರಿಗೆಲ್ಲ ಕಾಫಿ ಕಾಯಿಸುವ ಅವ್ವಾದ್‌ಗೆ ಹೇಳಿಟ್ಟಿದ್ದರು.

ದಿನ ಗುರುವಾರ, ಸಂಜೆ ಐದು ಗಂಟೆ. ನಜಾಹ್ ಮಾತ್ರ, "ಫಾತಿಹಾ ಪ್ರಾರ್ಥನೆ ಓದಿ ಸಂಬಂಧ ಗಟ್ಟಿಯಾಗೋ ತನಕ ಊರೆಲ್ಲ ಸಾರ್ಬೇಡಿ, ಕಣ್ಣು ಬೀಳುತ್ತೆ" ಎಂದು ಗಂಡನ ಬಾಯಿ ಕಟ್ಟಿದ್ದಳು. ಹಾಗಾಗಿ ಕರೆದ ಎಂಬತ್ತು ಜನಕ್ಕೆ ಮತ್ತು ಎದುರು ಮನೆಯ ನನಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ಗುರುವಾರವೇ ಮಂತ್ರಿ ಸಂಪುಟ ಪುನಾರಚನೆಯ ಸುದ್ದಿ ಬಂತು.

ನಮ್ಮ ದೇಶದಲ್ಲಿ ಇದು ಅಪರೂಪವಲ್ಲ, ವರ್ಷಕ್ಕೊಮ್ಮೆಯಾದರೂ ಆಗುತ್ತದೆ. ಆದರೂ ಆ ದಿನ ಊರು ಊರಾಗಿ ಇರುವುದಿಲ್ಲ. ಪ್ರತಿ ಬುಡಕಟ್ಟಿಗೂ ತಮ್ಮವನೊಬ್ಬ ಮಂತ್ರಿಯಾಗುತ್ತಾನೆ ಎಂಬ ನಂಬಿಕೆ. ಹೆಸರು ಓಡಾಡುತ್ತಿರುವವನು ಇಸ್ತ್ರಿ ಮಾಡಿದ ಸೂಟು ಹಾಕಿ ಫೋನಿನ ಪಕ್ಕ ಕೂರುತ್ತಾನೆ, ಅವನ ಕಡೆಯವರೆಲ್ಲ ಅವನ ಪಕ್ಕ ಕೂರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಜುಹ್ದಿಯವರ ಫೋನು ರಿಂಗಾಗತೊಡಗಿತು. "ತಪ್ಪು ತಿಳ್ಕೋಬೇಡ ಅಬೂ ಲಮೀಸ್, ನಮ್ಮ ದೊಡ್ಡಪ್ಪನ ಮಗನ ಹೆಸರು ಪಟ್ಟಿಯಲ್ಲಿದೆಯಂತೆ." "ನಮ್ಮ ಇಂಜಿನಿಯರ್ ಸಾಹೇಬರನ್ನ ಅಮ್ಮಾನ್‌ಗೆ ಕರೆಸ್ತಾರಂತೆ ಕಣೋ, ಬಿಟ್ಟು ಬಂದ್ರೆ ಏನಂದ್ಕೋತಾರೆ?" ಎರಡು ಗಂಟೆಗೆ ಪಾಷಾರ ಮಗ ಫೋನ್ ಮಾಡಿದ. "ಅಪ್ಪ ಸೂಟ್ ಹಾಕ್ಕೊಂಡು ಕೂತಿದ್ದಾರೆ ಅಂಕಲ್. ಅರಮನೆಯಿಂದ ಫೋನ್ ಬರಬಹುದು ಅಂತ ಶೌಚಕ್ಕೂ ಎದ್ದು ಹೋಗ್ತಿಲ್ಲ."

ಮೂರು ಗಂಟೆಗೆ ಶಾಮಿಯಾನದ ಕೆಳಗೆ ನೂರ ಅರವತ್ತು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಹೆಣ್ಣಿನ ಕಡೆಗೆ ಮೀಸಲಾದ ಸಾಲುಗಳಲ್ಲಿ ಎಂಟು ಜನ ಕೂತಿದ್ದರು. ಅದರಲ್ಲಿ ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ.

ನಾನು ಅಡುಗೆಮನೆಯಲ್ಲಿ ಬಾದಾಮಿ ಸಿಪ್ಪೆ ಸುಲಿಯುತ್ತಿದ್ದೆ. ನಜಾಹ್ ಕಿಟಕಿಯಿಂದ ಆ ಕುರ್ಚಿಗಳನ್ನು ನೋಡಿ ನೋಡಿ ಒಳಗೆ ಬರುತ್ತಿದ್ದಳು. "ಐದಕ್ಕೆ ಎರಡು ಬಸ್ಸು ಬಂದು ನಿಲ್ಲುತ್ತೆ. ಖಾಲಿ ಕುರ್ಚಿ ನೋಡಿ ಅವರು ಏನಂತಾರೆ ಅಕ್ಕಾ? ಹೇಳೋರು ಕೇಳೋರು ಇಲ್ಲದ ಹುಡುಗಿ ಅಂತಾರೆ. ಆ ಮಾತು ಅವಳ ಮೊಮ್ಮಕ್ಕಳ ತನಕ ಹೋಗುತ್ತೆ." ಲಮೀಸ್ ಒಳಕೋಣೆಯಲ್ಲಿ ಮುತ್ತಿನ ಬಣ್ಣದ ಉಡುಪು ತೊಟ್ಟು ಕೂತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಕಣ್ಣಿಗೆ ಹಚ್ಚಿದ ಕಪ್ಪು ಮಾತ್ರ ಎರಡು ಸಲ ಒರೆಸಿ ಮತ್ತೆ ಹಚ್ಚಬೇಕಾಯಿತು.

ಹೊರಗೆ ಅವ್ವಾದ್ ಒಲೆ ಹಚ್ಚಿದ್ದರು. ಅವರ ವಿಷಯ ಸ್ವಲ್ಪ ಹೇಳಬೇಕು. ಊರಿನ ದೊಡ್ಡ ಮನೆಗಳ ಕಾಫಿಯೆಲ್ಲ ಅವರದೇ. ಹಿಂದಿನ ನಾಲ್ಕು ಪುನಾರಚನೆಗಳಲ್ಲಿ ಪ್ರಕಟಣೆ ಬರುವ ಮೊದಲೇ ಯಾವ ಮನೆಯ ಅಂಗಳದಲ್ಲಿ ಅವ್ವಾದ್ ಕಾಫಿ ಬೀಜ ಹುರಿದರೋ ಆ ಮನೆಗೇ ಮಂತ್ರಿ ಪದವಿ ಬಂದಿತ್ತು. ಏಕೆಂದರೆ ಖಚಿತ ಸುದ್ದಿ ಸಿಕ್ಕ ಮನೆಯವರು ಮೊದಲು ಮಾಡುವ ಕೆಲಸವೇ ಅವ್ವಾದ್‌ಗೆ ಹೇಳಿ ಕಳಿಸುವುದು. ಹಾಗಾಗಿ ಊರಿನವರು ರೇಡಿಯೋ ಬಿಟ್ಟು ಅವ್ವಾದ್ ಎಲ್ಲಿದ್ದಾರೆ ಎಂದು ಹುಡುಕುತ್ತಿದ್ದರು. ಆ ದಿನ ಅವರು ಫೋನು ಆರಿಸಿ ಜೇಬಿಗೆ ಹಾಕಿಕೊಂಡಿದ್ದರು. "ಎಲ್ಲ ದೊಡ್ಡವರೂ ಕರೀತಾರೆ. ನಾನು ಮಾತು ಕೊಟ್ಟಿರೋದು ಇಲ್ಲಿಗೆ" ಎಂದು ಬೀಜ ಹುರಿದು, ಏಲಕ್ಕಿ ಸೇರಿಸಿ, ಮರದ ಒರಳಿಗೆ ಹಾಕಿ ಕುಟ್ಟತೊಡಗಿದರು.

ಅವ್ವಾದ್ ಕುಟ್ಟುವುದೆಂದರೆ ಬರೀ ಪುಡಿ ಮಾಡುವುದಲ್ಲ. ಒರಳಿನ ಬಾಯಿಗೊಂದು ಪೆಟ್ಟು, ತಳಕ್ಕೆ ಎರಡು ಪೆಟ್ಟು, ಮತ್ತೆ ಬಾಯಿಗೊಂದು. ಕಾಫಿಗೆ ಬನ್ನಿ ಎಂದು ಕರೆಯುವ ತಾಳ ಅದು. ನಮ್ಮ ಊರು ಗುಡ್ಡಗಳ ನಡುವೆ ಇರುವ ಬೋಗುಣಿಯಂತೆ, ಸದ್ದು ಒಂದು ಕಡೆಯಿಂದ ಹೊರಟರೆ ಮೂರು ಕಡೆ ಸುತ್ತುತ್ತದೆ. ಹತ್ತು ನಿಮಿಷ ಕಳೆಯಲಿಲ್ಲ, ಕೆಳಗಿನ ಮೆಟ್ಟಿಲುಗಳ ಮೇಲೆ ತಲೆಗಳು ಕಾಣಿಸಿಕೊಂಡವು.

ಮೊದಲು ಬಂದವರು ಬುರ್ಹಾನ್ ಮೇಷ್ಟ್ರು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಈಗ ಒಂದು ಸುದ್ದಿತಾಣಕ್ಕೆ ಊರಿನ ಸುದ್ದಿ ಬರೆಯುತ್ತಾರೆ. ಮಂತ್ರಿಯಾಗಬಹುದಾದ ಊರಿನ ಇಪ್ಪತ್ತೆರಡು ಗಂಡಸರ ಹಿನ್ನೆಲೆಯನ್ನು ಅವರು ಮೊದಲೇ ಬರೆದು ಇಟ್ಟುಕೊಂಡಿರುತ್ತಾರೆ. ಹುಟ್ಟು, ಓದು, ಹುದ್ದೆ, ಪದಕ ಎಲ್ಲ. ಪ್ರಕಟಣೆ ಬಂದ ಐದು ನಿಮಿಷಕ್ಕೆ ಅದು ಜನರ ಫೋನಿನಲ್ಲಿರಬೇಕು. ಆದರೆ ಇಪ್ಪತ್ತೆರಡರಲ್ಲಿ ಜುಹ್ದಿ ಹಜ್ಜಾರ್ ಇರಲಿಲ್ಲ. ಮೇಷ್ಟ್ರು ಏದುಸಿರು ಬಿಡುತ್ತ ನೇರ ಅಡುಗೆಮನೆಯ ಕಿಟಕಿಗೆ ಬಂದರು.

"ಉಮ್ಮು ಲಮೀಸ್, ಯಜಮಾನರು ಹುಟ್ಟಿದ ವರ್ಷ ಹೇಳಮ್ಮ."

"ಅರವತ್ತಾರು. ಯಾಕೆ ಮೇಷ್ಟ್ರೇ?"

"ಓದು?"

"ಹತ್ತನೇ ಕ್ಲಾಸು. ಗಣಿತದಲ್ಲಿ ಫಸ್ಟು."

"ಹತ್ತನೇ... ಸರಿ ಬಿಡು, ಜನಸಾಮಾನ್ಯರಿಂದ ಬಂದವರು ಅಂತ ಬರೀತೀನಿ. ಈಗ ಅದೇ ಜನಕ್ಕೆ ಇಷ್ಟ. ಜಲಸಂಪನ್ಮೂಲ ಖಾತೆ ತಾನೇ?"

ನಜಾಹಳ ಕೈಯಲ್ಲಿದ್ದ ಸೌಟು ನಿಂತಿತು. ಅಷ್ಟರಲ್ಲಿ ಅಂಗಳದ ತುಂಬ ಜನ. ಸೂಟಿನವರು, ಕೆಂಪು ಬಿಳಿ ರುಮಾಲಿನವರು, ಕೈಯಲ್ಲಿ ಸಿಹಿಯ ತಟ್ಟೆ ಹಿಡಿದವರು. ಇಂಜಿನಿಯರ್ ಸಾಹೇಬರ ಪಕ್ಕ ಕೂತಿದ್ದವರೂ ಎದ್ದು ಬಂದಿದ್ದರು. ಹೆಣ್ಣಿನ ಕಡೆಯ ಸಾಲುಗಳು ತುಂಬಿ, ಜನ ಗೋಡೆಗೆ ಒರಗಿ ನಿಂತಿದ್ದರು. ಅವರ ನಡುವೆ ಕೋಲೂರಿಕೊಂಡು ಹಾಜಿ ಹಮ್ದಾನ್ ಬಂದಾಗ ನಾನೇ ಬಾದಾಮಿ ಕೆಳಗಿಟ್ಟೆ. ಊರಿನ ಅತಿ ದೊಡ್ಡ ಬುಡಕಟ್ಟಿನ ಹಿರಿಯರು ಅವರು. ಹನ್ನೊಂದು ವರ್ಷದಿಂದ ಜುಹ್ದಿಯವರ ಜೊತೆ ಮಾತು ಬಿಟ್ಟಿದ್ದರು.

"ನೋಡಿದೆಯಾ" ಎಂದು ಯಾರೋ ಕಿಚಾಯಿಸಿದರು, "ಕುರ್ಚಿ ಅಂದ್ರೆ ಹಾಜಿಯ ಮಂಡಿನೋವೂ ವಾಸಿಯಾಗುತ್ತೆ."

"ಮಂಡಿ ನನ್ನದು, ನೋವೂ ನನ್ನದು, ನಿಂಗೇನಯ್ಯಾ?" ಎಂದು ಹಾಜಿ ಮುಂದಿನ ಸಾಲಿನಲ್ಲೇ ಕೂತರು.

ಮೇಷ್ಟ್ರು ಪುಸ್ತಕ ಬಿಚ್ಚಿ, "ಯಾರಿಗೆ ಏನು ಗೊತ್ತೋ ಹೇಳಿ, ಬೇಗ ಬೇಗ, ಪ್ರಕಟಣೆ ಬರೋ ಹೊತ್ತಾಯ್ತು" ಎಂದರು. ಜನ ಹೇಳತೊಡಗಿದರು. ಮಂತ್ರಿಯಾಗಿದ್ದಾನೆಂದು ಗೊತ್ತಾದ ಮೇಲೆ ಎಲ್ಲರಿಗೂ ಎಲ್ಲವೂ ನೆನಪಾಗುತ್ತದಲ್ಲ. ದೊಡ್ಡ ಹಿಮ ಬಿದ್ದ ವರ್ಷ ಮಾರುದ್ದ ಹಿಮ ಅಗೆದು ವಾಲ್ವು ಹುಡುಕಿ ಆಸ್ಪತ್ರೆಗೆ ನೀರು ಬಿಟ್ಟಿದ್ದನ್ನು ಒಬ್ಬರು ಹೇಳಿದರು. ಪೈಪಿನ ಕಟ್ಟಕಡೆಯ ಮನೆಯ ವಿಧವೆಗೆ ನೀರು ಏರುವುದಿಲ್ಲ ಎಂದು, ಪ್ರತಿ ಶನಿವಾರ ಉಳಿದವರದನ್ನು ಕಾಲು ಗಂಟೆ ತಡೆದು ಮೊದಲು ಅವಳ ಟ್ಯಾಂಕು ತುಂಬಿಸುವುದನ್ನು ಇನ್ನೊಬ್ಬರು ಹೇಳಿದರು. "ಓಹೋ, ಶನಿವಾರ ನಮಗೆ ಕಾಲು ಗಂಟೆ ಕಮ್ಮಿ ಬರ್ತಿದ್ದದ್ದು ಅದಕ್ಕೋ" ಎಂದು ಮೂರನೆಯವರು ಸಿಟ್ಟಿನಿಂದ ಶುರುಮಾಡಿ, ಸುತ್ತ ನೋಡಿ, "ಒಳ್ಳೇ ಕೆಲಸ ಬಿಡಿ, ಅದನ್ನೂ ಬರ್ಕೊಳಿ" ಎಂದರು.

ಆಗ ಹಾಜಿ ಹಮ್ದಾನ್ ಕೋಲು ಕುಟ್ಟಿದರು. "ನನ್ನದೂ ಬರ್ಕೋ. ನನ್ನ ಹಿರೀಮಗನ ಮದುವೆಗೆ ಎರಡು ಗಂಟೆ ಹೆಚ್ಚಿಗೆ ನೀರು ಬಿಡು ಅಂದೆ. ಬಿಡಲಿಲ್ಲ. ಆ ಹೊತ್ತು ಪಕ್ಕದ ಕೇರಿಯವರದು ಅಂದ. ಸಂಜೆ ನೋಡ್ತೀನಿ, ತನ್ನ ಮನೆ ಟ್ಯಾಂಕಿನ ನೀರನ್ನ ಹೆಂಡ್ತಿ ಜೊತೆ ಕ್ಯಾನಿನಲ್ಲಿ ಹೊತ್ತು ತಂದು ನಮ್ಮ ಬಾಗಿಲಲ್ಲಿ ಇಟ್ಟು ಹೋಗಿದ್ದಾನೆ. ಒಂಬತ್ತು ಕ್ಯಾನು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಯ್ಯೋಕೂ ಆಗಲಿಲ್ಲ, ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ, ಮಾತು ಬಿಟ್ಟೆ."

ಇದೆಲ್ಲ ನಡೆಯುವಾಗ ಜುಹ್ದಿಯವರು ಮನೆಯ ಹಿಂದೆ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಒಳಗೆ ಬಂದಾಗ ಅವರ ಕಣ್ಣು ತುಂಬಿತ್ತು. "ನೋಡಿದೆಯಾ ನಜಾಹ್, ಕರೆಯದವರೂ ಬಂದಿದ್ದಾರೆ" ಎಂದರು. ನಜಾಹ್ ಬಾಗಿಲು ಮುಂದೆ ಮಾಡಿ ಮೆಲ್ಲಗೆ ವಿಷಯ ಹೇಳಿದಳು. ಅವರು ಒಲೆಯ ಪಕ್ಕದ ಮಣೆಯ ಮೇಲೆ ಕೂತರು.

"ಒಂದೇ ಗಂಟೆ ಸುಮ್ಮನಿರಿ" ಎಂದಳು ನಜಾಹ್. "ನಾವು ಕರೆದೆವಾ? ನಾವು ಸುಳ್ಳು ಹೇಳಿದೆವಾ? ದೇವರು ತಂದು ಕೂರಿಸಿದ್ದಾನೆ ಅಂದ್ಕೊಳಿ. ದಿಬ್ಬಣ ಬಂದು ಹೋಗಲಿ, ಆಮೇಲೆ ಹೇಳಿ."

"ಬೇರೆ ಕೇರಿಯ ನೀರಲ್ಲಿ ನಮ್ಮ ಟ್ಯಾಂಕ್ ತುಂಬಿಸಿಕೊಂಡ ಹಾಗೆ ಆಗುತ್ತಲ್ಲೇ."

"ನೀವು ಹೊರಗೆ ಹೋಗಿ ಹೇಳಿದ್ರೆ ಎಲ್ಲ ಎದ್ದು ಹೋಗ್ತಾರೆ. ನಿಮ್ಮ ಮಗಳ ಮುಖ ನೋಡಿ ಹೇಳಿ ಹಾಗಾದ್ರೆ."

ಒಳಕೋಣೆಯ ಬಾಗಿಲಲ್ಲಿ ಲಮೀಸ್ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಅವಳು ಬಂದು ತಂದೆಯ ಅಂಗಿಯ ಮೇಲಿನ ಗುಂಡಿ ಹಾಕಿದಳು. "ಹೇಳಿ ಬನ್ನಿ ಅಪ್ಪ" ಎಂದಳು. "ಇಲ್ಲದಿದ್ರೆ ಇವತ್ತು ರಾತ್ರಿ ನೀವು ನಿದ್ದೆ ಮಾಡಲ್ಲ, ನಮ್ಮನ್ನೂ ಮಾಡೋಕೆ ಬಿಡಲ್ಲ."

ಅವರು ಹೊರಗೆ ಹೋದರು. ನಾನು ಕಿಟಕಿಯ ಪಕ್ಕ ನಿಂತು ನನಗೆ ಗೊತ್ತಿದ್ದ ಪ್ರಾರ್ಥನೆಯನ್ನು ಮೂರು ಸಲ ಹೇಳಿಕೊಂಡೆ. ಅಂಗಳದಲ್ಲಿ ಎಲ್ಲರೂ ಎದ್ದು ನಿಂತರು. ಮಂತ್ರಿಗಳನ್ನು ಕರೆಯುವ ಗೌರವದ ಮಾತಿನಿಂದ ಒಬ್ಬರು ಕರೆದೂ ಬಿಟ್ಟರು. ಜುಹ್ದಿಯವರು ಕೈ ಮುಂದೆ ಮಾಡಿ ಕೂರಿ ಎಂದರು.

"ಅಣ್ಣಂದಿರೇ, ನನಗೆ ಯಾವ ಪದವಿಯೂ ಬಂದಿಲ್ಲ. ನಾಳೆಯಲ್ಲ ನಾಡಿದ್ದು ಶನಿವಾರ ಅದೇ ಕೀಲಿ ಹಿಡ್ಕೊಂಡು ನಿಮ್ಮ ಕೇರಿಗೇ ಬರ್ತೀನಿ. ಅವ್ವಾದ್‌ನ ನಾನು ಕರೆಸಿದ್ದು ಮಗಳ ಸಂಬಂಧಕ್ಕೆ. ಐದು ಗಂಟೆಗೆ ಇರ್ಬಿದ್‌ನಿಂದ ಹೆಣ್ಣು ಕೇಳೋಕೆ ಬರ್ತಿದ್ದಾರೆ. ನೀವು ತಪ್ಪು ತಿಳ್ಕೊಂಡು ಬಂದ್ರಿ, ಕಾಫಿ ಕುಡಿದಿರಿ, ನನ್ನ ಮನೆ ಬೆಳಗಿತು. ಹೋಗಬೇಕಾದವರು ಹೋಗಿ, ನನಗೆ ಬೇಸರವಿಲ್ಲ."

ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ಅವ್ವಾದ್ ಮೇಲೆ ಬಿದ್ದರು. "ನಮ್ಮ ಮಾನ ಕಳೆದೆಯಲ್ಲೋ! ಇಂಜಿನಿಯರ್ ಮನೆಯಲ್ಲಿ ಮಾಂಸದೂಟ ಬಿಟ್ಟು ಬಂದಿದ್ದೀವಿ."

"ನಾನೊಂದು ಮಾತಾಡಿದ್ದೀನಾ?" ಎಂದರು ಅವ್ವಾದ್. "ನಾನು ಕಾಫಿ ಕುಟ್ಟಿದೆ. ಮಂತ್ರಿ ಮಾಡಿದ್ದು ನೀವು."

ಏಳೆಂಟು ಜನ ಎದ್ದರು. ಇಂಜಿನಿಯರ್ ಸಾಹೇಬರ ಕಡೆಯವರು ತಾವು ತಂದ ಸಿಹಿಯ ತಟ್ಟೆಯನ್ನು ಎತ್ತಿಕೊಳ್ಳುವುದೋ ಬಿಡುವುದೋ ತಿಳಿಯದೆ ಒಂದು ಕ್ಷಣ ನಿಂತು, ಬಿಟ್ಟು ಹೋದರು. ಇನ್ನು ಕೆಲವರು ಕುರ್ಚಿಯ ಅಂಚಿಗೆ ಸರಿದರು. ಒಬ್ಬರು ಎದ್ದರೆ ಸಾಕು ಉಳಿದವರೂ ಏಳುತ್ತಾರೆ ಎಂಬಂತೆ ಇತ್ತು. ಎಲ್ಲರೂ ಹಾಜಿ ಹಮ್ದಾನರ ಕಡೆ ನೋಡಿದರು. ಅವರು ಕೋಲನ್ನು ಎರಡು ಮಂಡಿಗಳ ನಡುವೆ ಇಟ್ಟುಕೊಂಡು ಕೂತೇ ಇದ್ದರು.

"ಮೇಷ್ಟ್ರೇ, ನೀವು ಬರೆದದ್ದು ಓದಿ ನೋಡೋಣ."

ಬುರ್ಹಾನ್ ಮೇಷ್ಟ್ರು ಮುಜುಗರದಿಂದ ಓದಿದರು. "ನೂತನ ಸಚಿವರಾದ ಶ್ರೀ ಜುಹ್ದಿ ಹಜ್ಜಾರ್ ಅವರು ಸಲ್ತ್ ಪಟ್ಟಣದಲ್ಲಿ ಜನಿಸಿದರು. ಗಣಿತದಲ್ಲಿ ಪ್ರಥಮರು. ಮೂವತ್ತು ವರ್ಷ ಆರು ಕೇರಿಗಳ ನೀರಿನ ಹೊಣೆ ಹೊತ್ತು ಒಂದು ಮನೆಗೂ ಹೆಚ್ಚು ಕೊಡದೆ, ಒಂದು ಮನೆಗೂ ಕಡಿಮೆ ಮಾಡದೆ..."

"ಶನಿವಾರ ಕಾಲು ಗಂಟೆ" ಎಂದು ಹಿಂದಿನಿಂದ ದನಿ ಬಂತು.

"...ಒಬ್ಬ ವಿಧವೆಯನ್ನು ಬಿಟ್ಟು," ಎಂದು ಮೇಷ್ಟ್ರು ತಿದ್ದಿಕೊಂಡರು, "ಸಮನಾಗಿ ಹಂಚಿದವರು. ಹಿಮದಲ್ಲಿ ಆಸ್ಪತ್ರೆಗೆ ನೀರು ಕೊಟ್ಟವರು. ಮದುವೆ ಮನೆಗೆ ತಮ್ಮ ನೀರು ಹೊತ್ತವರು."

"ಇದರಲ್ಲಿ ಸುಳ್ಳು ಯಾವುದು?" ಎಂದರು ಹಾಜಿ.

"ನೂತನ ಸಚಿವರು ಅನ್ನೋದು."

"ಅದೊಂದು ಹೊಡೆದುಹಾಕಿ. ಉಳಿದದ್ದಕ್ಕೆ ನಾನು ಕೂತಿರ್ತೀನಿ. ಏನಯ್ಯಾ ಅವ್ವಾದ್, ಕಾಫಿ ಆರಿ ಹೋಯ್ತಾ?"

ಕುರ್ಚಿಯ ಅಂಚಿಗೆ ಸರಿದವರು ಮೆಲ್ಲಗೆ ಹಿಂದಕ್ಕೆ ಒರಗಿದರು. ಅಡುಗೆಮನೆಯಲ್ಲಿ ನಜಾಹ್ ನನ್ನ ಭುಜಕ್ಕೆ ಹಣೆಯಿಟ್ಟು ಅತ್ತಳು, ಒಂದು ನಿಮಿಷ ಮಾತ್ರ. ಆಮೇಲೆ ಇನ್ನೂ ನೂರು ಜನಕ್ಕೆ ಕುನಾಫ ಸಿಹಿ ಎಲ್ಲಿಂದ ತರುವುದು ಎಂದು ಕಣ್ಣೊರೆಸಿಕೊಂಡಳು. ಬಂದವರು ತಂದ ಸಿಹಿಯ ತಟ್ಟೆಗಳನ್ನು ಎಣಿಸಿದೆ. ಹದಿನಾಲ್ಕು. ಹಂಚಿ ಮಿಗುವಷ್ಟು.

ಐದೂ ಕಾಲಿಗೆ ಬಸ್ಸುಗಳು ಬಂದವು. ಗಂಡಿನ ಕಡೆಯವರು ಇಳಿದು ಬರುವಾಗ ಅವರ ಮುಖಗಳು ಬಿಗಿದುಕೊಂಡಿದ್ದವು. ಕಾರಣ ಆಮೇಲೆ ಕುಸೈ ತಾಯಿ ನಮಗೆ ಹೇಳಿದರು. ಕೆಳಗಿನ ಪೇಟೆಯಲ್ಲಿ ದಾರಿ ಕೇಳಿದಾಗ ಅಂಗಡಿಯವನು, "ಓ, ಹೊಸ ಮಂತ್ರಿಗಳ ಮನೆಯಾ? ಮೇಲೆ ಹೋಗಿ, ಜನ ಸೇರಿದ್ದಾರೆ" ಎಂದಿದ್ದನಂತೆ. "ನಮ್ಮ ಯಜಮಾನರು ಬಸ್ಸಲ್ಲೇ ಬೆವರಿ ಹೋದ್ರು ತಾಯಿ. ಇಷ್ಟು ದೊಡ್ಡವರು ನಮಗೆ ಹೆಣ್ಣು ಕೊಡ್ತಾರಾ ಅಂತ. ಕುಸೈ ಅಂತೂ ಅಂಗಡಿಯವನ ಹತ್ರ ಜಗಳಕ್ಕೇ ಇಳಿದ. ನೀರುಗಂಟಿ ಮಗಳು ಅಂತ ಒಪ್ಕೊಂಡಿದ್ದೀನಿ, ಮಂತ್ರಿ ಮಗಳು ಅಂತ ಈಗ ಯಾಕೆ ಕಷ್ಟ ಮಾಡ್ತೀಯಾ ಅಂತ."

ಲಮೀಸ್ ಆಗ ಆ ದಿನದಲ್ಲಿ ಮೊದಲ ಸಲ ನಕ್ಕಳು.

ಹುಡುಗನ ದೊಡ್ಡಪ್ಪ ಬಟ್ಟಲನ್ನು ಮುಂದಿಟ್ಟು, ದೇವರನ್ನು ಪ್ರವಾದಿಯನ್ನು ಸ್ಮರಿಸಿ, ಹೆಣ್ಣು ಕೇಳಿದರು. ಈಗ ಎದ್ದು ಮಾತಾಡಬೇಕಾಗಿದ್ದ ಪಾಷಾ ಇರಲಿಲ್ಲ. ಜುಹ್ದಿಯವರ ತಮ್ಮ ಎದ್ದ, ದೇವರ ಹೆಸರು ಹೇಳಿ, ಮುಂದಿನ ಮಾತು ಮರೆತು ಮತ್ತೆ ಕೂತ. ಹಾಜಿ ಹಮ್ದಾನ್ ಕೋಲಿನ ಮೇಲೆ ಭಾರ ಹಾಕಿ ಎದ್ದು ನಿಂತರು.

"ನೀವು ಯಾರ ಹತ್ರ ಕೇಳ್ತಿದ್ದೀರಿ ಅಂತ ತಿಳ್ಕೊಳಿ" ಎಂದರು. "ಈ ಹುಡುಗಿಗೆ ಬುಡಕಟ್ಟು ಯಾವುದು ಅಂದ್ರೆ, ಇವಳಪ್ಪ ನೀರು ಬಿಡೋ ಆರು ಕೇರಿ. ನಾನು ಅದರಲ್ಲಿ ಅತಿ ಕೆಟ್ಟ ಸ್ವಭಾವದೋನು, ಅದಕ್ಕೇ ಮಾತಾಡೋಕೆ ನನ್ನ ಬಿಟ್ಟಿದ್ದಾರೆ. ಅವಳಿಗೆ ನೋವಾದ್ರೆ ನೂರಾರು ಜನಕ್ಕೆ ಉತ್ತರ ಹೇಳ್ಬೇಕಾಗುತ್ತೆ. ಒಪ್ಪಿಗೆಯಾ?"

"ಒಪ್ಪಿಗೆ" ಎಂದರು ದೊಡ್ಡಪ್ಪ, ಗಂಭೀರವಾಗಿಯೇ.

"ಹಾಗಾದ್ರೆ ಕೊಟ್ಟಿದ್ದೀವಿ. ಕಾಫಿ ಕುಡೀರಿ."

ಇನ್ನೂರು ಗಂಡಸರ ಅಂಗೈಗಳು ಮೇಲಾದವು, ಫಾತಿಹಾ ಓದಿಯಾಯಿತು. ಒಳಗೆ ನಾವು ಹೆಂಗಸರು ನಾಲಿಗೆ ಹೊರಳಿಸಿ ಕೂಗಿದ ಮಂಗಳದ ಉಲಿ ಮಾಳಿಗೆ ಹಾರಿ ಹೋಗಿರಬೇಕು. ನಜಾಹಳ ಎಪ್ಪತ್ತು ದಾಟಿದ ತಾಯಿ ಕುಣಿಯಲು ಎದ್ದವಳು ಮತ್ತೆ ಕೂರಲೇ ಇಲ್ಲ.

ಆ ಗದ್ದಲದ ನಡುವೆ ಪ್ರಕಟಣೆ ಬಂದಿತ್ತು. ಮೇಷ್ಟ್ರು ಫೋನಿನಲ್ಲಿ ಹೆಸರುಗಳನ್ನು, ಅವರ ಓದು ಹುದ್ದೆಗಳನ್ನು ಓದಿದರು. ಆರು ಹೊಸ ಮಂತ್ರಿಗಳು, ನಾಲ್ಕು ಡಾಕ್ಟರೇಟು. ನಮ್ಮ ಊರಿನಿಂದ ಯಾರೂ ಇಲ್ಲ. "ಮುಂದಿನ ಸಲ" ಎಂದರು ಯಾರೋ ಕುನಾಫ ನುಂಗುತ್ತ.

ಕೊನೆಯ ತಟ್ಟೆಗಳನ್ನು ಹಂಚುವಾಗ ನಾಯಿಫ್ ಪಾಷಾ ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ನೀಲಿ ಸೂಟು, ಟೈ, ಎದೆಗೆ ಪದಕದ ಪಟ್ಟಿ. ಅಂಗಳದ ಬಾಯಲ್ಲಿ ನಿಂತುಬಿಟ್ಟರು. "ಫೋನ್ ಬರಲಿಲ್ಲ" ಎಂದರು, ಎದುರಿನ ಗುಡ್ಡಕ್ಕೆ ಕೇಳುವ ಕಂಠದಲ್ಲಲ್ಲ. "ಕೊಟ್ಟ ಮಾತೂ ಉಳಿಸಿಕೊಳ್ಳಲಿಲ್ಲ ಅಬೂ ಲಮೀಸ್. ಯಾವ ಮುಖ ಇಟ್ಕೊಂಡು ಬರಲಿ ಅಂತ ಬೀದಿಯಲ್ಲೇ ನಿಂತಿದ್ದೆ."

"ಬನ್ನಿ ಪಾಷಾ, ಸರಿಯಾದ ಹೊತ್ತಿಗೇ ಬಂದಿದ್ದೀರಿ. ಕುನಾಫ ಬಿಸಿಯಿದೆ."

"ಮೇಷ್ಟ್ರೇ" ಎಂದರು ಪಾಷಾ ಕಾಫಿಯ ಬಟ್ಟಲು ತೆಗೆದುಕೊಂಡು, "ನನ್ನ ಹಿನ್ನೆಲೆ ನಿಮ್ಮ ಹತ್ರ ಇದೆಯಲ್ಲ. ಅದಕ್ಕೊಂದು ಸಾಲು ಸೇರಿಸಿ. ಹಜ್ಜಾರ್ ಮನೆಯ ಮಗಳನ್ನ ಕೊಡುವಾಗ ಇವನೂ ಇದ್ದ ಅಂತ."

"ತಡವಾಗಿ ಬಂದ ಅಂತಾನೂ ಸೇರಿಸಿ" ಎಂದರು ಹಾಜಿ ಹಮ್ದಾನ್.

ಪಾಷಾರಿಗೆ ಕೂರಲು ಜಾಗವಿರಲಿಲ್ಲ. ಜುಹ್ದಿಯವರು ತಮ್ಮ ಕುರ್ಚಿಯನ್ನು ಅವರಿಗೆ ಕೊಟ್ಟರು. ತಮಗೆ ಇನ್ನೊಂದು ಸಿಗುವುದೇನೋ ಎಂದು ಈ ತುದಿಯಿಂದ ಆ ತುದಿಗೆ ಸಾಲುಗಳ ನಡುವೆ ಹುಡುಕುತ್ತ ಹೋದರು. ಒಂದೂ ಖಾಲಿ ಇರಲಿಲ್ಲ. ಗೋಡೆಗೆ ಒರಗಿ ನಿಂತು, ಕೈಕಟ್ಟಿಕೊಂಡು, ತುಂಬಿದ ಆ ಕುರ್ಚಿಗಳನ್ನು ನೋಡುತ್ತ ಬಹಳ ಹೊತ್ತು ಹಾಗೆಯೇ ಇದ್ದರು.